ಕಾರ್ಯಕ್ರಮಕ್ಕೆ ಅನುಮತಿ ಕೊಟ್ಟರು, ಬೋರ್ಡು ಮಾತ್ರ ಕಿತ್ತು ಹಾಕಿದರು. ಯಾಕೆ?

ಓದುಗರ ಪ್ರಶ್ನೆ: ಮೇಡಂ, ನಮಸ್ಕಾರ. ನಾವೊಂದು ಹನ್ನೆರಡು ಜನ ಸೇರಿ ಸಾರ್ವಜನಿಕ ಪಾರ್ಕಿನಲ್ಲಿ ಬೀಜ ಮತ್ತು ಸಸಿಗಳನ್ನು ಹಂಚಿಕೊಳ್ಳುವ ಕಾರ್ಯಕ್ರಮ ಮಾಡಿದೆವು. ದುಡ್ಡಿನ ವ್ಯವಹಾರ ಏನೂ ಇಲ್ಲ, ಯಾರು ಬೇಕಾದರೂ ಬರಬಹುದು. ಕಾರ್ಯಕ್ರಮಕ್ಕೆ ಪಾರ್ಕ್ ಕಚೇರಿಯಿಂದ ಲಿಖಿತ ಅನುಮತಿ ತಗೊಂಡಿದ್ದೆವು. ಬರುವವರಿಗೆ ದಾರಿ ಗೊತ್ತಾಗಲಿ ಅಂತ ಹಿಂದಿನ ಸಂಜೆ 14 ಬೋರ್ಡು ಹಾಕಿದೆವು. ಕೆಲವನ್ನು ಮರಕ್ಕೆ ವೈರಿನಿಂದ ಕಟ್ಟಿದೆವು, ಕೆಲವನ್ನು ಹುಲ್ಲಿನಲ್ಲಿ ಗೂಟ ಹೊಡೆದು ನಿಲ್ಲಿಸಿದೆವು, ಒಂದು ದೊಡ್ಡ ಬ್ಯಾನರನ್ನು ಬೇಲಿಗೆ ಬಿಗಿದೆವು. ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ 9 ಮಾಯ! ಪಾರ್ಕಿನ ಸಿಬ್ಬಂದಿಯೇ ಕಿತ್ತಿದ್ದರು. ಕೇಳಿದರೆ 'ಪರ್ಮಿಷನ್ ಕಾರ್ಯಕ್ರಮಕ್ಕೆ, ಬೋರ್ಡಿಗಲ್ಲ' ಅಂದರು. ಜನ ದಾರಿ ತಪ್ಪಿ ವಾಪಸ್ ಹೋದರು. ಆಮೇಲೆ ಒಬ್ಬೊಬ್ಬರು ಒಂದೊಂದು ಹೇಳಿದರು. ಉಚಿತ ಕಾರ್ಯಕ್ರಮಕ್ಕೆ ಅನುಮತಿಯೇ ಬೇಡ ಅಂತ ಒಬ್ಬರು, ಬಟ್ಟೆ ಬ್ಯಾನರ್ ಆದರೆ ಯಾರೂ ಕೇಳಲ್ಲ ಅಂತ ಇನ್ನೊಬ್ಬರು. ಶನಿವಾರ ರಾತ್ರಿ ಹಾಕಿ ಭಾನುವಾರ ರಾತ್ರಿ ತೆಗೆದುಬಿಡಿ, ಕಚೇರಿಗೆ ರಜೆ ಅಂತ ಮತ್ತೊಬ್ಬರು. ಇದಾಗಿ ಮೂರು ವಾರ ಆಯಿತು. ಉಳಿದ ಬೋರ್ಡುಗಳಲ್ಲಿ 2 ನಮ್ಮ ಬಳಿ ಇವೆ. ಎರಡು ತಿಂಗಳ ನಂತರ ಮತ್ತೆ ಅದೇ ಪಾರ್ಕಿನಲ್ಲಿ ಮಾಡಬೇಕು ಅಂತಿದ್ದೇವೆ. ಈ ಸಲ ಏನು ಮಾಡಬೇಕು? ಕಿತ್ತ ಬೋರ್ಡು ವಾಪಸ್ ಸಿಗುತ್ತವಾ?

ಉತ್ತರ:

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಒಮ್ಮೆ 'ಆಗಲಿ' ಅಂದವರೇ ಮರುದಿನ ಬೆಳಿಗ್ಗೆ ಬಂದು ಬೋರ್ಡು ಕಿತ್ತರೆ ಯಾರಿಗಾದರೂ ಬೇಜಾರಾಗುತ್ತದೆ. ಆದರೆ ನಿಮ್ಮ ಪತ್ರ ಓದಿದಾಗ ನನ್ನ ಕಣ್ಣು ನಿಂತದ್ದು ಆ 9 ಬೋರ್ಡಿನ ಮೇಲಲ್ಲ. ಹಾಕಿದ್ದು 14, ಅವರು ಕಿತ್ತದ್ದು 9, ನಿಮ್ಮ ಬಳಿ ಇರುವುದು 2. ಹಾಗಾದರೆ ಉಳಿದ 3 ಎಲ್ಲಿ? ಅದನ್ನು ಕೊನೆಗೆ ನೋಡೋಣ, ಮರೆಯಬೇಡಿ.

ಪಾರ್ಕುಗಳ ಉಸ್ತುವಾರಿಯಲ್ಲೇ ನನ್ನ ಕೆಲಸದ ಬಹುಪಾಲು ವರ್ಷಗಳು ಕಳೆದಿವೆ. ಬೋರ್ಡಿಗೆ ಅನುಮತಿ ಕೇಳಿ ಬಂದ ಅರ್ಜಿಗಳನ್ನು ಓದುವ ಟೇಬಲ್ಲಿನಲ್ಲೂ ಕೂತಿದ್ದೇನೆ, ಭಾನುವಾರ ಬೆಳಿಗ್ಗೆ ಹೋಗಿ ಬೋರ್ಡು ಕೀಳಿಸಿಯೂ ಇದ್ದೇನೆ. ಹಾಗಾಗಿ ಎದುರುಗಡೆ ಕೂತವರು ಏನು ನೋಡುತ್ತಾರೆ ಅನ್ನುವುದನ್ನೇ ಹೇಳಿಬಿಡುತ್ತೇನೆ. ನಿಮ್ಮ ಕಾರ್ಯಕ್ರಮ ಒಳ್ಳೆಯದೋ ಕೆಟ್ಟದ್ದೋ ಅಂತ ಅವರು ನೋಡುವುದಿಲ್ಲ. ಈ ಬೋರ್ಡು ಎಲ್ಲಿ ನಿಲ್ಲುತ್ತದೆ, ಯಾವುದಕ್ಕೆ ಅಂಟಿಕೊಳ್ಳುತ್ತದೆ, ಯಾವಾಗ ಹೋಗುತ್ತದೆ, ಇಷ್ಟೇ ಅವರ ಲೆಕ್ಕ. ನೀವು ಅರ್ಜಿಯಲ್ಲಿ ಬೀಜದ ಮಹತ್ವದ ಬಗ್ಗೆ ಒಂದು ಪುಟ ಬರೆದಿರಬಹುದು. ಅದನ್ನು ಓದಿ ಖುಷಿಪಟ್ಟು, ಪಕ್ಕಕ್ಕಿಟ್ಟು, 'ಗೂಟ ಎಷ್ಟು ಉದ್ದ?' ಅಂತ ಹುಡುಕುತ್ತಾರೆ.

ಮೊದಲು ಆ ಸಿಬ್ಬಂದಿಯ ಮಾತು. 'ಪರ್ಮಿಷನ್ ಕಾರ್ಯಕ್ರಮಕ್ಕೆ, ಬೋರ್ಡಿಗಲ್ಲ' ಅಂದದ್ದು ಒರಟಾಗಿ ಕೇಳಿಸಿರಬಹುದು, ಆದರೆ ಬಹುತೇಕ ಕಡೆ ಅದು ಸರಿ. ಕಾರ್ಯಕ್ರಮದ ಅನುಮತಿ ಅಂದರೆ ಇಂತಿಷ್ಟು ಜನ, ಇಂಥ ಜಾಗದಲ್ಲಿ, ಇಷ್ಟು ಹೊತ್ತು ಸೇರಬಹುದು ಅಂತ. ಬೋರ್ಡು ಜನ ಬರುವ ಮೊದಲೇ ಬರುತ್ತದೆ, ಜನ ಹೋದ ಮೇಲೂ ಉಳಿಯುತ್ತದೆ. ನಿಮ್ಮ ಜಾಗದಿಂದ ಆಚೆ, ಗೇಟಿನಲ್ಲಿ, ದಾರಿಯ ತಿರುವಿನಲ್ಲಿ ನಿಲ್ಲುತ್ತದೆ. ಅದು ಬೇರೆಯೇ ವಿಷಯ. ನಿಮ್ಮ ಅನುಮತಿ ಪತ್ರವನ್ನು ಇನ್ನೊಮ್ಮೆ ತೆಗೆದು ಷರತ್ತುಗಳನ್ನು ಓದಿ. 'ಮರ, ಕಂಬ, ಬೇಲಿಗೆ ಏನನ್ನೂ ಕಟ್ಟತಕ್ಕದ್ದಲ್ಲ' ಅನ್ನುವ ಸಾಲು ಎಲ್ಲೋ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ ಸಾಧ್ಯತೆ ಜಾಸ್ತಿ. ಇಲ್ಲದಿದ್ದರೂ, ಬೋರ್ಡು ಹಾಕಬಹುದು ಅಂತ ಬರೆದಿಲ್ಲದಿದ್ದರೆ ಹಾಕಬಾರದು ಅಂತಲೇ ತಿಳಿದುಕೊಳ್ಳುವುದು ಕ್ಷೇಮ.

ಉಚಿತ ಕಾರ್ಯಕ್ರಮಕ್ಕೆ ಅನುಮತಿ ಬೇಡ ಅನ್ನುವುದರಲ್ಲಿ ಅರ್ಧ ಸತ್ಯ ಇದೆ. ಅದಕ್ಕೇ ಅದು ಇಷ್ಟು ಜನರನ್ನು ಹಾದಿ ತಪ್ಪಿಸುತ್ತದೆ. ಇಂಗ್ಲೆಂಡಿನ 2007ರ ಜಾಹೀರಾತು ನಿಯಂತ್ರಣ ನಿಯಮಗಳನ್ನೇ ನೋಡಿ. ಲಾಭಕ್ಕಲ್ಲದ ಸ್ಥಳೀಯ ಕಾರ್ಯಕ್ರಮದ ಬೋರ್ಡು 0.6 ಚದರ ಮೀಟರ್ ಮೀರದಿದ್ದರೆ, 28 ದಿನಕ್ಕಿಂತ ಮುಂಚೆ ಹಾಕದಿದ್ದರೆ, ಮುಗಿದ 14 ದಿನದೊಳಗೆ ತೆಗೆದರೆ, ಯೋಜನಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕಾಗಿಲ್ಲ. ಇದನ್ನು ಓದಿದವರು 'ನೋಡಿ, ಅನುಮತಿ ಬೇಡ' ಅನ್ನುತ್ತಾರೆ. ಆದರೆ ಅದೇ ನಿಯಮದಲ್ಲಿ ಜಾಗದ ಒಡೆಯರ ಒಪ್ಪಿಗೆ ಇಲ್ಲದೆ ಯಾವ ಬೋರ್ಡೂ ನಿಲ್ಲುವಂತಿಲ್ಲ ಅಂತಲೂ ಇದೆ. ಪಾರ್ಕಿಗೆ ಒಡೆಯರು ಇದ್ದೇ ಇರುತ್ತಾರೆ. ಸಾರ್ವಜನಿಕ ಜಾಗ ಅಂದರೆ ಯಾರದ್ದೂ ಅಲ್ಲದ ಜಾಗ ಅಂತಲ್ಲವಲ್ಲ. ಒಂದು ಕಾನೂನು ವಿನಾಯಿತಿ ಕೊಟ್ಟ ಮಾತ್ರಕ್ಕೆ ಇನ್ನೊಂದು ಬಾಗಿಲು ತಾನಾಗಿ ತೆರೆಯುವುದಿಲ್ಲ.

ಉಚಿತ ಅನ್ನುವ ಪದದಲ್ಲಿ ಇನ್ನೊಂದು ಸಿಕ್ಕು ಇದೆ. ಬೋರ್ಡಿನ ಮೂಲೆಯಲ್ಲಿ ಪ್ರಾಯೋಜಕರ ಲೋಗೊ ಇದ್ದರೆ ಅದು ಬರೀ ಸೂಚನೆ ಅಲ್ಲ, ಜಾಹೀರಾತು ಅಂತ ಹೇಳುವವರು ಇರುತ್ತಾರೆ. ಜಾಹೀರಾತು ಅಂದ ಕೂಡಲೇ ಫೈಲು ಬೇರೆ ಟೇಬಲ್ಲಿಗೆ ಹೋಗುತ್ತದೆ, ಬೇರೆ ಶುಲ್ಕ ಬರುತ್ತದೆ. ಬೋರ್ಡು ಪ್ರಿಂಟ್ ಮಾಡಿಸಿಕೊಟ್ಟವರಿಗೆ ಕೃತಜ್ಞತೆ ಹೇಳಬೇಕಾದರೆ ಕಾರ್ಯಕ್ರಮದಲ್ಲಿ ಮೈಕ್ ಹಿಡಿದು ಹೇಳಿ. ದಾರಿ ತೋರಿಸುವ ಬೋರ್ಡಿನಲ್ಲಿ ಬೇಡ.

ಬಟ್ಟೆ ಬ್ಯಾನರಿನ ಮಾತೂ ಹೀಗೆಯೇ. ಭಾರತದಲ್ಲಿ 2022ರ ಜುಲೈ 1ರಿಂದ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರುಗಳಿಗೆ ನಿಷೇಧ ಇದೆ. ಹಾಗಾಗಿ ಬಟ್ಟೆಗೆ ಹೋಗುವುದು ಒಳ್ಳೆಯದೇ. ಆದರೆ ಯಾವುದರಿಂದ ಮಾಡಿದ್ದೀರಿ ಅನ್ನುವುದು ಒಂದು ಪ್ರಶ್ನೆ, ಎಲ್ಲಿ ಕಟ್ಟಿದ್ದೀರಿ ಅನ್ನುವುದು ಇನ್ನೊಂದು. ಬಟ್ಟೆಯನ್ನು ಮರಕ್ಕೆ ಮೊಳೆ ಹೊಡೆದು ಕಟ್ಟಿದರೂ ಮೊಳೆ ಮೊಳೆಯೇ.

ಶನಿವಾರ ರಾತ್ರಿಯ ಉಪಾಯದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಚೇರಿಗೆ ರಜೆ ಇರಬಹುದು, ಪಾರ್ಕಿಗೆ ರಜೆ ಇಲ್ಲ. ನಿಮ್ಮ 9 ಬೋರ್ಡು ಹೋಗಿದ್ದೂ ರಜಾ ದಿನದ ಬೆಳಿಗ್ಗೆಯೇ ಅಲ್ವಾ?

ಇನ್ನೊಂದು ಮಾತು ನೀವು ಕೇಳಿಲ್ಲ, ಆದರೆ ನಿಮ್ಮ ಗುಂಪಿನಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ: 'ಇದು ನಮ್ಮ ಅಭಿವ್ಯಕ್ತಿ ಸ್ವಾತಂತ್ರ್ಯ, ತಡೆಯಲು ಇವರು ಯಾರು?' ಇದಕ್ಕೆ ನಿಮ್ಮ ಕಥೆಯನ್ನೇ ಹೋಲುವ ಒಂದು ಪ್ರಸಿದ್ಧ ಮೊಕದ್ದಮೆ ಇದೆ. ಅಮೆರಿಕದ ಅರಿಜೋನಾ ರಾಜ್ಯದ ಗಿಲ್ಬರ್ಟ್ ಎಂಬ ಊರಿನಲ್ಲಿ ಒಂದು ಪುಟ್ಟ ಚರ್ಚ್. ಸ್ವಂತ ಕಟ್ಟಡ ಇಲ್ಲ. ಪ್ರಾರ್ಥನೆ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ. ಅದಕ್ಕೆ ಪ್ರತಿ ಶನಿವಾರ ಹದಿನೈದಿಪ್ಪತ್ತು ಪುಟ್ಟ ಬೋರ್ಡು ಹಾಕಿ ಭಾನುವಾರ ಮಧ್ಯಾಹ್ನ ತೆಗೆಯುತ್ತಿದ್ದರು. ಊರಿನ ನಿಯಮದ ಪ್ರಕಾರ ಇಂಥ ಬೋರ್ಡನ್ನು ಕಾರ್ಯಕ್ರಮಕ್ಕೆ 12 ಗಂಟೆ ಮುಂಚೆ ಮಾತ್ರ ಹಾಕಬೇಕು, ಮುಗಿದ 1 ಗಂಟೆಯೊಳಗೆ ತೆಗೆಯಬೇಕು. ಅದೇ ಊರಿನಲ್ಲಿ ಚುನಾವಣೆಯ ಬೋರ್ಡುಗಳು ಇನ್ನೂ ದೊಡ್ಡದಿರಬಹುದಿತ್ತು, ತಿಂಗಳುಗಟ್ಟಲೆ ನಿಲ್ಲಬಹುದಿತ್ತು. ಅಧಿಕಾರಿಗಳು ಒಂದು ಸಲ ಚರ್ಚಿನ ಬೋರ್ಡನ್ನು ಎತ್ತಿಕೊಂಡೇ ಹೋದರು, ಪಾದ್ರಿ ಕಚೇರಿಗೆ ಹೋಗಿ ಬಿಡಿಸಿಕೊಂಡು ಬರಬೇಕಾಯಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2015ರಲ್ಲಿ 9 ನ್ಯಾಯಮೂರ್ತಿಗಳೂ ಚರ್ಚಿನ ಪರವಾಗಿ ತೀರ್ಪು ಕೊಟ್ಟರು.

ಇಲ್ಲಿಗೆ ಕಥೆ ನಿಲ್ಲಿಸಿದರೆ ನೀವು ಗೆದ್ದಂತೆಯೇ. ಆದರೆ ಚರ್ಚ್ ಗೆದ್ದದ್ದು ಬೋರ್ಡಿನಲ್ಲಿ ಏನು ಬರೆದಿದೆ ಅನ್ನುವುದರ ಮೇಲೆ ಊರು ಭೇದ ಮಾಡಿತ್ತು ಅನ್ನುವ ಕಾರಣಕ್ಕೆ. ಎಲ್ಲರಿಗೂ ಒಂದೇ ನಿಯಮ ಅಂತ ಮಾಡಿದರೆ ಸಾರ್ವಜನಿಕ ಜಾಗದಲ್ಲಿ ಬೋರ್ಡುಗಳನ್ನು ಹೆಚ್ಚುಕಡಿಮೆ ಪೂರ್ತಿ ತಡೆಯಬಹುದು ಅಂತಲೂ ಅದೇ ತೀರ್ಪಿನಲ್ಲಿದೆ. ಅದಕ್ಕೂ ಮೊದಲು, 1984ರಲ್ಲೇ, ಲಾಸ್ ಏಂಜಲೀಸ್ ನಗರ ಕಂಬಗಳ ಮೇಲಿನ ಬೋರ್ಡುಗಳನ್ನು ಕಿತ್ತು ಹಾಕಿದ್ದನ್ನು ಅದೇ ಕೋರ್ಟ್ ಸರಿ ಅಂದಿತ್ತು. ನಿಮ್ಮ ದೇಶದ ಕಾನೂನು ಬೇರೆ ಇರಬಹುದು. ಆದರೂ ಕಚೇರಿಯಲ್ಲಿ ವಾದ ಮಾಡುವಾಗ ಈ ಗೆರೆ ನೆನಪಿಡಿ. 'ನಮ್ಮ ಬೋರ್ಡು ಕಿತ್ತಿರಿ, ಪಕ್ಕದ ಸಂಗೀತ ಕಾರ್ಯಕ್ರಮದ ಬೋರ್ಡು ಯಾಕೆ ಬಿಟ್ಟಿರಿ?' ಅಂತ ಕೇಳಿದರೆ ಅದರಲ್ಲಿ ಬಲ ಇದೆ. 'ನಾವು ಎಲ್ಲಿ ಬೇಕಾದರೂ ಹಾಕುತ್ತೇವೆ' ಅಂದರೆ ಇಲ್ಲ.

ಈಗ ಅವರು ಯಾಕೆ ಇಷ್ಟು ಬಿಗಿ ಅನ್ನುವುದಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾಕೆಂದರೆ ಇದು ಗೊತ್ತಿದ್ದವರ ಅರ್ಜಿ ಬೇರೆ ಥರ ಇರುತ್ತದೆ, ಓದಿದ ಕೂಡಲೇ ಗೊತ್ತಾಗುತ್ತದೆ.

ನಾನು ಕೆಲಸ ಮಾಡಿದ ಒಂದು ಪಾರ್ಕಿನಲ್ಲಿ ನಡುವಯಸ್ಸಿನ ಒಂದು ಮರ ಇತ್ತು. ಒಂದು ಕಡೆ ಎಲೆ ತೆಳುವಾಗುತ್ತಾ ಬಂತು. ಗೊಬ್ಬರ ಹಾಕಿದೆವು, ನೀರು ಬಿಟ್ಟೆವು, ಏನೂ ಆಗಲಿಲ್ಲ. ಒಂದು ದಿನ ಮಾಲಿ ಕಾಂಡದ ಮೇಲೆ ಕೈಯಾಡಿಸಿ 'ಇಲ್ಲಿ ನೋಡಿ ಮೇಡಂ' ಅಂದ. ಎದೆ ಮಟ್ಟದಲ್ಲಿ ಸುತ್ತಲೂ ಒಂದು ಉಬ್ಬು, ಬೆರಳಿಗೆ ಬಿಗಿಯಾದ ಉಂಗುರದ ಅಕ್ಕಪಕ್ಕ ಮಾಂಸ ಉಬ್ಬುತ್ತದಲ್ಲ, ಹಾಗೆ. ಉಳಿಯಿಂದ ಸ್ವಲ್ಪ ಕೆರೆದಾಗ ತುಕ್ಕು ಹಿಡಿದ ಬೈಂಡಿಂಗ್ ವೈರು ಕಾಣಿಸಿತು. ಯಾವುದೋ ಕಾಲದ ಯಾವುದೋ ಬ್ಯಾನರಿನದು. ಬ್ಯಾನರ್ ಹೋಗಿತ್ತು, ವೈರು ಮರದೊಳಗೆ ಹೋಗಿತ್ತು. ಮರ ದಪ್ಪವಾಗುತ್ತಾ ಹೋದಂತೆ ವೈರು ತೊಗಟೆಯನ್ನು ಹಿಸುಕುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಆ ದಾರಿಯನ್ನೇ ಹಿಸುಕಿದರೆ ಬೇರು ಉಪವಾಸ ಬೀಳುತ್ತದೆ. ಅದು ಒಂದೆರಡು ದಿನದಲ್ಲಿ ಆಗುವ ಕೆಲಸವಲ್ಲ, ಅದಕ್ಕೇ ಕಟ್ಟಿದವರಿಗೆ ತಮ್ಮಿಂದ ಹೀಗಾಯಿತು ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ಮೊಳೆಯ ಕಥೆ ಇನ್ನೊಂದು. ನಮ್ಮ ಗಾಯ ಮಾಯುವ ಹಾಗೆ ಮರದ ಗಾಯ ಮಾಯುವುದಿಲ್ಲ. ಮರ ಆ ಜಾಗದ ಸುತ್ತ ಗೋಡೆ ಕಟ್ಟಿಕೊಂಡು ಮುಂದೆ ಬೆಳೆಯುತ್ತದೆ, ಅಷ್ಟೆ. ಗೋಡೆ ಗಟ್ಟಿಯಾಗುವ ಮೊದಲೇ ಶಿಲೀಂಧ್ರ ಒಳಗೆ ಹೊಕ್ಕರೆ ಕೊಳೆ ಶುರು. ಮುಂದೆ ಯಾವತ್ತೋ ಆ ಮರ ಕತ್ತರಿಸುವವನ ಗರಗಸಕ್ಕೆ ಒಳಗಿರುವ ಮೊಳೆ ಸಿಕ್ಕಿದರೆ ಅವನ ಕೈಗೇ ಅಪಾಯ.

ಗೂಟ ನೋಡಲು ನಿರುಪದ್ರವಿ. ಆದರೆ ಮರದ ಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲ್ಪದರದ ಒಂದೂವರೆ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ, ಕೊಂಬೆಗಳ ನೆರಳಿಗಿಂತ ಎಷ್ಟೋ ಆಚೆಗೂ ಹರಡಿರುತ್ತವೆ. ಹುಲ್ಲಿಗೆ ನೀರು ಬಿಡುವ ಪೈಪು ಎಷ್ಟೋ ಕಡೆ ಒಂದು ಅಡಿ ಆಳದಲ್ಲೂ ಇರುವುದಿಲ್ಲ. ಒಂದು ಸಲ ಶನಿವಾರ ಸಂಜೆ ಒಳ್ಳೆಯ ಹುಡುಗರೇ, ನಮಗೆ ಗೊತ್ತಿದ್ದವರೇ, ಒಂದು ಗೂಟ ಹೊಡೆದರು. ಕೆಳಗೆ ಸ್ಪ್ರಿಂಕ್ಲರ್ ಪೈಪು. ತಕ್ಷಣ ಏನೂ ಕಾಣಲಿಲ್ಲ. ರಾತ್ರಿ ಟೈಮರ್ ಆನ್ ಆಯಿತು. ಬೆಳಿಗ್ಗೆ ಮಕ್ಕಳ ಜಾರುಬಂಡೆಯ ಕೆಳಗೆ ಮೊಣಕಾಲು ಕೆಸರು. ಅರ್ಜಿಯಲ್ಲಿ 'ಗೂಟ' ಅಂತ ಕಂಡರೆ ನಾನು ಈಗಲೂ ಒಂದು ಸಲ ನಿಲ್ಲುತ್ತೇನೆ.

ಆಮೇಲೆ ಗಾಳಿ. ನಿಮ್ಮ ದೊಡ್ಡ ಬ್ಯಾನರ್ 2 ಮೀಟರ್ ಅಗಲ, 1 ಮೀಟರ್ ಎತ್ತರ ಅಂತಿಟ್ಟುಕೊಳ್ಳಿ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ನೇರವಾಗಿ ಬಡಿದರೆ ಸುಮಾರು 15 ಕಿಲೋ ತೂಕದಷ್ಟು ಎಳೆತ. ಪರವಾಗಿಲ್ಲ ಅನ್ನಿಸುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಂದರೆ 72 ಕಿಲೋಮೀಟರ್ ಗಾಳಿಗೆ ಸುಮಾರು 60 ಕಿಲೋ, ಒಬ್ಬ ಮನುಷ್ಯ ಜೋತುಬಿದ್ದ ಹಾಗೆ. ಮಳೆಗೆ ಮುಂಚೆ ಬೀಸುವ ಬಿರುಗಾಳಿಗೆ ಇದೇನೂ ದೊಡ್ಡ ವೇಗವಲ್ಲ. ಬ್ಯಾನರಿನಲ್ಲಿ ಅರ್ಧಚಂದ್ರಾಕಾರ ತೂತು ಕೊಯ್ದರೆ ಸಾಕು ಅಂತ ಬಹಳ ಜನ ನಂಬುತ್ತಾರೆ. ನಾನು ನೋಡಿದ ಮಟ್ಟಿಗೆ ಅದರಿಂದ ಬಟ್ಟೆ ಅಲ್ಲಿಂದಲೇ ಹರಿಯುತ್ತದೆ, ಅಷ್ಟೇ ಲಾಭ. ದೊಡ್ಡದು ಬೇಕೇ ಬೇಕು ಅಂದರೆ ಗಾಳಿ ಹಾಯುವ ಜಾಲರಿ ಬಟ್ಟೆ ತಗೊಳ್ಳಿ.

ಕೊನೆಯದಾಗಿ ದಾರಿ. ಗಾಲಿಕುರ್ಚಿಗೆ ಕನಿಷ್ಠ 90 ಸೆಂಟಿಮೀಟರ್ ಬಿಡುವು ಬೇಕು. ಇದು ಎಷ್ಟೋ ಜನಕ್ಕೆ ಗೊತ್ತು. ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಬಿಳಿ ಕೋಲು ಹಿಡಿದು ನಡೆಯುವವರಿಗೆ ನೆಲಕ್ಕೆ ಹತ್ತಿರ ಇರುವ ಅಡ್ಡಿ ಕೋಲಿಗೆ ಸಿಗುತ್ತದೆ, ಎದೆ ಮಟ್ಟದಲ್ಲಿ ಚಾಚಿಕೊಂಡ ಬೋರ್ಡು ಸಿಗುವುದಿಲ್ಲ, ನೇರ ಮುಖಕ್ಕೇ ಬಡಿಯುತ್ತದೆ. ಅದಕ್ಕೇ ಅಮೆರಿಕದ ಅಂಗವಿಕಲ ಸ್ನೇಹಿ ವಿನ್ಯಾಸದ ಮಾನದಂಡದಲ್ಲಿ ನೆಲದಿಂದ 27 ಇಂಚಿಗಿಂತ ಮೇಲೆ, 80 ಇಂಚಿಗಿಂತ ಕೆಳಗೆ, ಗೋಡೆಯಿಂದ 4 ಇಂಚಿಗಿಂತ ಹೆಚ್ಚು ಏನೂ ದಾರಿಗೆ ಚಾಚಬಾರದು ಅಂತಿದೆ. ನೀವು ಮರಕ್ಕೆ ಕಟ್ಟಿದ ಬೋರ್ಡುಗಳು ಬಹುಶಃ ಸರಿಯಾಗಿ ಆ ಎತ್ತರದಲ್ಲೇ ಇದ್ದವು. ನಮ್ಮ ಕಣ್ಣಿಗೆ ಅನುಕೂಲವಾದ ಎತ್ತರವೇ ಅವರಿಗೆ ಅಪಾಯದ ಎತ್ತರ.

ಇಷ್ಟು ಗೊತ್ತಾದ ಮೇಲೆ, ಮುಂದಿನ ಸಲಕ್ಕೆ ನಿಮ್ಮ ಮುಂದೆ ಏನೇನು ದಾರಿ ಇದೆ?

ನನ್ನನ್ನು ಕೇಳಿದರೆ, ಆ ದಿನ ಮಾತ್ರ ಇಟ್ಟು ಸಂಜೆ ಎತ್ತಿಕೊಂಡು ಹೋಗುವ, ತನ್ನಷ್ಟಕ್ಕೆ ನಿಲ್ಲುವ ಎರಡು ಕಾಲಿನ ಮಡಚುವ ಬೋರ್ಡುಗಳೇ ಮೇಲು. ಮರ ಬೇಡ, ಗೂಟ ಬೇಡ, ಬೇಲಿ ಬೇಡ. ಕಚೇರಿಯವರು ಬೇಗ ಒಪ್ಪುವುದೂ ಇದಕ್ಕೇ. ತೊಂದರೆ ಗಾಳಿಯದು. ಕೆಳಗೆ ಮರಳಿನ ಚೀಲ ಇಡಿ. 10 ಲೀಟರ್ ಹಿಡಿಯುವ ಚೀಲದಲ್ಲಿ ಮರಳು 15 ಕಿಲೋ ತೂಗುತ್ತದೆ, ನೀರಾದರೆ 10 ಕಿಲೋ. ಕಲ್ಲು ಇಡಬೇಡಿ, ಯಾರೋ ಎಡವುತ್ತಾರೆ, ಮಕ್ಕಳು ಎತ್ತಿ ಎಸೆಯುತ್ತಾರೆ. ಇನ್ನೊಂದು ತೊಂದರೆ, ಬೆಳಿಗ್ಗೆ ಬೇಗ ಬಂದು ಇಡುವವರು ಬೇಕು. ಹನ್ನೆರಡು ಜನ ಇದ್ದೀರಲ್ಲ, ಇಬ್ಬರನ್ನು ಅದಕ್ಕೇ ಬಿಡಿ.

ಪಾರ್ಕಿನದ್ದೇ ಸೂಚನಾ ಫಲಕ ಇದ್ದರೆ ಅಲ್ಲಿ ಒಂದು ಹಾಳೆ ಅಂಟಿಸಲು ಕೇಳಿ. ಖರ್ಚಿಲ್ಲ, ತಕರಾರಿಲ್ಲ. ಆದರೆ ಅದನ್ನು ಓದುವವರು ದಿನಾ ವಾಕಿಂಗ್ ಬರುವವರು. ಹೊಸಬರಿಗೆ ದಾರಿ ತೋರಿಸಲು ಅದು ಸಾಲದು, ಪ್ರಚಾರಕ್ಕೆ ಆಗುತ್ತದೆ.

ಬೇಲಿಯ ಮೇಲಿನ ದೊಡ್ಡ ಬ್ಯಾನರ್ ನಿಮಗೆ ಇಷ್ಟ ಅಂತ ಪತ್ರದಲ್ಲೇ ಗೊತ್ತಾಗುತ್ತದೆ. ಅಲ್ಲಿ ಒಂದು ಸಿಕ್ಕು ಇದೆ. ಪಾರ್ಕಿನ ಒಳಗಿನ ಜಾಗ ಒಬ್ಬರದು, ರಸ್ತೆಗೆ ಮುಖ ಮಾಡಿದ ಬೇಲಿಯ ಹೊರಬದಿ ಇನ್ನೊಬ್ಬರ ವ್ಯಾಪ್ತಿ ಅಂತ ಆಗಿರಬಹುದು. ಪಾರ್ಕಿನವರು ಹೂಂ ಅಂದರೂ ರಸ್ತೆಯವರು ಬಂದು ಕೀಳಬಹುದು. ಇಬ್ಬರಿಂದಲೂ ಬರಹದಲ್ಲಿ ಒಪ್ಪಿಗೆ ಬೇಕು. ಗೇಟಿನಿಂದ ವಾಹನ ಹೊರಬರುವಾಗ ಚಾಲಕನಿಗೆ ರಸ್ತೆ ಕಾಣಬೇಕು, ಆ ಜಾಗ ಬಿಟ್ಟು ಕಟ್ಟಬೇಕು. ಎರಡು ತಿಂಗಳಿನಲ್ಲಿ ಇದು ಆಗಬಹುದು, ಆದರೆ ಇವತ್ತೇ ಶುರು ಮಾಡಬೇಕು.

ನೀವು ಯೋಚಿಸದೇ ಇರಬಹುದಾದ ಒಂದು ದಾರಿ: ಬೋರ್ಡು ಹಿಡಿದು ನಿಲ್ಲುವ ಜನ. ಗೇಟಿನಲ್ಲಿ ಒಬ್ಬರು, ದಾರಿ ಕವಲೊಡೆಯುವಲ್ಲಿ ಒಬ್ಬರು, ಕೈಯಲ್ಲಿ ಬಾಣದ ಗುರುತಿನ ಫಲಕ. ಯಾವುದಕ್ಕೂ ಕಟ್ಟಿಲ್ಲ, ಎಲ್ಲೂ ನೆಟ್ಟಿಲ್ಲ. ಇದಕ್ಕೂ ಕಚೇರಿಗೆ ಒಂದು ಮಾತು ಹೇಳಿಡಿ. ಇದರ ಲಾಭ ಏನೆಂದರೆ ಬೋರ್ಡು ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಮನುಷ್ಯ ಕೊಡುತ್ತಾನೆ. 'ಟಾಯ್ಲೆಟ್ ಎಲ್ಲಿ?' ಅಂತ ಕೇಳುವವರೇ ಜಾಸ್ತಿ ಇರುತ್ತಾರೆ ಬಿಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಾಣ ಬರೆಯುವುದು ಸುಲಭ ಅನ್ನಿಸಬಹುದು. ಕೇಳದೆ ಬರೆಯಬೇಡಿ, ಅದನ್ನು ವಿರೂಪ ಅಂತಲೇ ಎಣಿಸುವ ಪಾರ್ಕುಗಳಿವೆ.

ಯಾವ ದಾರಿ ಹಿಡಿದರೂ, ನಿಜವಾಗಿ 14 ಬೋರ್ಡು ಬೇಕಿತ್ತಾ ಅಂತ ಒಮ್ಮೆ ಯೋಚಿಸಿ. ದಾರಿ ತೋರಿಸುವ ಬೋರ್ಡು ಬೇಕಾಗುವುದು ಮನುಷ್ಯ 'ಈಗ ಯಾವ ಕಡೆ?' ಅಂತ ನಿಲ್ಲುವ ಜಾಗದಲ್ಲಿ ಮಾತ್ರ. ಗೇಟಿನಿಂದ ನಿಮ್ಮ ಜಾಗದವರೆಗೆ ಹೊಸಬರೊಬ್ಬರನ್ನು ನಡೆಯಲು ಹೇಳಿ, ಹಿಂದೆ ಸುಮ್ನೆ ಹೋಗಿ. ಅವರು ಎಲ್ಲಿ ನಿಂತರೋ ಅಲ್ಲಿ ಗುರುತು ಹಾಕಿಕೊಳ್ಳಿ. ನಾಲ್ಕೈದು ಜಾಗ ಆದರೆ ಹೆಚ್ಚು. ಅಕ್ಷರ ದೊಡ್ಡದಿರಲಿ, ಆರಾಮವಾಗಿ ಓದಲು 10 ಅಡಿ ದೂರಕ್ಕೆ 1 ಇಂಚು ಎತ್ತರ ಅನ್ನುವುದು ಹಳೆಯ ಅಂದಾಜು. 50 ಅಡಿಯಿಂದ ಕಾಣಬೇಕಾದರೆ 5 ಇಂಚು. ಅಷ್ಟು ದೊಡ್ಡ ಅಕ್ಷರದಲ್ಲಿ ಎರಡು ಪದ ಮತ್ತು ಒಂದು ಬಾಣ ಹಿಡಿಯುತ್ತದೆ. ಅಷ್ಟೇ ಸಾಕು ಕೂಡ.

ಅರ್ಜಿಯಲ್ಲಿ ಕಾರ್ಯಕ್ರಮದ ವಿವರಣೆ ಮೂರು ಸಾಲು ಸಾಕು. ಅದರ ಜೊತೆ ಪಾರ್ಕಿನ ನಕ್ಷೆಯ ಮೇಲೆ ಪ್ರತಿ ಬೋರ್ಡಿಗೂ ಒಂದು ನಂಬರು ಹಾಕಿ. ಪ್ರತಿ ನಂಬರಿನ ಜಾಗದಲ್ಲೂ ನಿಂತು ಒಂದು ಫೋಟೋ ತೆಗೆದು ಲಗತ್ತಿಸಿ. ಪಕ್ಕದಲ್ಲಿ ಅಳತೆ, ಯಾವುದರಿಂದ ಮಾಡಿದ್ದು, ಹೇಗೆ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಇಡುತ್ತೀರಿ, ಎಷ್ಟು ಹೊತ್ತಿಗೆ ತೆಗೆಯುತ್ತೀರಿ ಅಂತ ಬರೆಯಿರಿ. ದಿನಾಂಕ ಮಾತ್ರ ಸಾಲದು, ಗಂಟೆ ಬೇಕು. ತೆಗೆಯುವ ಜವಾಬ್ದಾರಿ ಯಾರದ್ದು ಅಂತ ಒಬ್ಬರ ಹೆಸರು ಕೊಡಿ, 'ಸಮಿತಿ' ಅಂತ ಬರೆಯಬೇಡಿ. ಸಮಿತಿಗೆ ಫೋನ್ ಮಾಡಲು ಆಗುವುದಿಲ್ಲವಲ್ಲ! ಠೇವಣಿ ಅಥವಾ ವಿಮೆ ಕೇಳಿದರೆ ಆಶ್ಚರ್ಯಪಡಬೇಡಿ. ಠೇವಣಿ ಕಟ್ಟುವ ಮೊದಲೇ ಆ ಜಾಗದ ಫೋಟೋ ತೆಗೆದಿಟ್ಟುಕೊಳ್ಳಿ, ಮೊದಲೇ ಒಡೆದಿದ್ದ ಕಲ್ಲಿಗೆ ನಿಮ್ಮ ಠೇವಣಿ ಹೋಗಬಾರದು. ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯಿರಿ. ಅನುಮತಿ ಬಂದ ಮೇಲೆ ಅದರಲ್ಲಿ 'ಬೋರ್ಡು' ಅನ್ನುವ ಪದ ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲೇ ನಿಂತು ಸೇರಿಸಲು ಕೇಳಿ. ಆ ದಿನ ಅದರ ಪ್ರತಿಯನ್ನು ಬೋರ್ಡಿನ ಹಿಂಬದಿಗೇ ಅಂಟಿಸಿಬಿಡಿ. ಬೆಳಿಗ್ಗೆ ಕೀಳಲು ಬರುವ ಮಾಲಿಗೆ ಕಚೇರಿಯ ಫೈಲಿನಲ್ಲಿ ಏನಿದೆ ಅಂತ ಗೊತ್ತಿರುವುದಿಲ್ಲ, ಬೋರ್ಡಿನ ಹಿಂದೆ ಏನಿದೆ ಅಂತ ಕಾಣುತ್ತದೆ.

'ಆಗಲ್ಲ' ಅಂದರೆ? ಅಲ್ಲಿಗೆ ಎದ್ದು ಬರಬೇಡಿ. 'ಏನು ಬದಲಾಯಿಸಿದರೆ ಆಗುತ್ತದೆ?' ಅಂತ ಕೇಳಿ. ಕ್ರಿಸ್ಟೊ ಮತ್ತು ಜಾನ್ ಕ್ಲೋಡ್ ಎಂಬ ಕಲಾವಿದ ದಂಪತಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ದಾರಿಗಳ ಮೇಲೆ ಕೇಸರಿ ಬಟ್ಟೆಯ ಸಾವಿರಾರು ಕಮಾನು ನಿಲ್ಲಿಸಬೇಕು ಅಂತ 1979ರಲ್ಲೇ ಯೋಚಿಸಿದ್ದರು. 1981ರಲ್ಲಿ ಪಾರ್ಕ್ ಇಲಾಖೆ ಆಗುವುದಿಲ್ಲ ಅಂದಿತು. ಮೊದಲಿನ ಯೋಜನೆಯಲ್ಲಿ ಕಂಬ ನಿಲ್ಲಿಸಲು ನೆಲದಲ್ಲಿ ಗುಂಡಿ ತೋಡಬೇಕಿತ್ತು. ಅವರು ಅದನ್ನು ಬದಲಾಯಿಸಿದರು. ಗುಂಡಿಯ ಬದಲು ದಾರಿಯ ಮೇಲೆ ಸುಮ್ಮನೆ ಕೂರುವ ಭಾರವಾದ ಉಕ್ಕಿನ ಪಾದ, ಸಂಖ್ಯೆಯೂ ಕಡಿಮೆ, ಮರಗಳಲ್ಲಿ ಎಲೆ ಇಲ್ಲದ ಫೆಬ್ರವರಿ ತಿಂಗಳು. 2003ರಲ್ಲಿ ಒಪ್ಪಿಗೆ ಸಿಕ್ಕಿತು. 2005ರಲ್ಲಿ 7,503 ಕಮಾನುಗಳು 16 ದಿನ ನಿಂತು, ಆಮೇಲೆ ಎಲ್ಲವೂ ಹೋದವು. ಮೇಯರ್ ಬದಲಾದದ್ದೂ ಒಂದು ಕಾರಣ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಪಾರ್ಕ್ ನೋಡಿಕೊಳ್ಳುವವರ ಕಣ್ಣಲ್ಲಿ ದೊಡ್ಡ ಬದಲಾವಣೆ ಅಂದರೆ ಆ ಗುಂಡಿಗಳು ಇಲ್ಲವಾದದ್ದು. ನಿಮ್ಮ ನಾಲ್ಕೈದು ಬೋರ್ಡಿಗೆ 24 ವರ್ಷ ಬೇಕಾಗುವುದಿಲ್ಲ, ಧೈರ್ಯವಾಗಿರಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ಕಿತ್ತ ಬೋರ್ಡುಗಳನ್ನು ಸಾಮಾನ್ಯವಾಗಿ ಕೂಡಲೇ ಎಸೆಯುವುದಿಲ್ಲ. ಮಾಲಿಗಳು ಸಲಕರಣೆ ಇಡುವ ಶೆಡ್ಡಿನ ಹಿಂದೆ ಗೋಡೆಗೆ ಒರಗಿಸಿ ಇಟ್ಟಿರುತ್ತಾರೆ. ಮೂರು ವಾರ ಆಗಿರುವುದರಿಂದ ಖಾತ್ರಿ ಹೇಳಲಾರೆ, ಬೇಗ ಹೋಗಿ ಕೇಳಿ. ಆದರೆ ಅದಕ್ಕೂ ಮೊದಲು, ಒಂದು ಬೆಳಿಗ್ಗೆ ನಿಮ್ಮಲ್ಲಿ ಇಬ್ಬರು ಪಾರ್ಕನ್ನು ಒಂದು ಸುತ್ತು ಹಾಕಿ ಲೆಕ್ಕಕ್ಕೆ ಸಿಗದ ಆ 3 ಬೋರ್ಡು ಹುಡುಕಿ. ಪೊದೆಯ ಹಿಂದೆ ಬಿದ್ದಿರಬಹುದು, ಮರದಲ್ಲೇ ನೇತಾಡುತ್ತಿರಬಹುದು. ಬೋರ್ಡು ಸಿಗದಿದ್ದರೂ ಅದನ್ನು ಕಟ್ಟಿದ ವೈರು ಸಿಗುತ್ತದೆ. ಜೇಬಿನಲ್ಲಿ ಒಂದು ಕಟಿಂಗ್ ಪ್ಲೇಯರ್ ಇಟ್ಟುಕೊಂಡು ಹೋಗಿ. ಸಿಬ್ಬಂದಿ ಕಿತ್ತ 9ರಲ್ಲೂ ಎಷ್ಟೋ ಕಡೆ ಬೋರ್ಡು ಮಾತ್ರ ಎಳೆದುಕೊಂಡು ಹೋಗಿ ವೈರನ್ನು ಮರದಲ್ಲೇ ಬಿಟ್ಟಿರುತ್ತಾರೆ, ಅದನ್ನೂ ಕತ್ತರಿಸಿ ತೆಗೆಯಿರಿ. ಆಮೇಲೆ ಕಚೇರಿಗೆ ಹೋಗಿ, ಮೊದಲು 'ನಮ್ಮದು ಹೋದ ಸಲ ಉಳಿದಿತ್ತು, ತೆಗೆದಿದ್ದೇವೆ' ಅಂತ ಹೇಳಿ, ನಂತರ ಹೊಸ ಅರ್ಜಿ ಕೊಡಿ.